ಮಳೆಗಾಲದಲ್ಲಿ ಒಣಗದ ದರ್ಬಾರು

ಕಳೆದ ತಿಂಗಳು ಮೊಮ್ಮಗಳ ಮದುವೆಯ ಕರೆಯೋಲೆ ಕೊಡಲು ಘಾಟ್ಕೋಪರಿಗೆ ಹೋಗಿದ್ದೆ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ ಹೋದರೆ ನಡುವಿನ ಮಾಳಿಗೆಯಲ್ಲಿ ಯಾರೋ ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದಾರೆ, ಟರ್ಪೆಂಟೈನಿನ ವಾಸನೆ ಗಮ್ಮೆಂದು ತುಂಬಿಕೊಂಡಿದೆ. ಏದುಸಿರು ಬಿಡುತ್ತ ನಿಂತವನಿಗೆ ಇದ್ದಕ್ಕಿದ್ದಂತೆ ನಗು ಬಂತು. ಬಣ್ಣದವನು ಅನುಮಾನದಿಂದ ನೋಡಿ, "ಕ್ಯಾ ಹುವಾ ಚಾಚಾ?" ಎಂದ. "ಕುಛ್ ನಹೀ, ಏಕ್ ರಾಜಾ ಕೀ ಯಾದ್ ಆಯೀ," ಎಂದೆ. ಪೂರ್ತಿ ನಿಜವಲ್ಲ. ನೆನಪಾದದ್ದು ರಾಜನಲ್ಲ, ರಾಜನನ್ನೂ ಬೆರಳ ತುದಿಯಲ್ಲಿ ಕುಣಿಸಿದ ಅಪ್ಪಾಸಾಹೇಬರು.

ರಾಜರಿಗೆ ಸರಕಾರ ಕೊಡುತ್ತಿದ್ದ ರಾಜಧನ ನಿಂತುಹೋದ ಹೊಸತು ಅದು. ನಾನಾಗ ಅಂಧೇರಿಯ ಒಂದು ಶೆಡ್ಡಿನಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದೆ. ನಾಯಕಿಯ ಕಣ್ಣು ಮಂಚದಷ್ಟು, ಖಳನಾಯಕನ ಮೀಸೆ ಬಾಗಿಲಿನಷ್ಟು ಬರೆದು ಬರೆದು ಕೈ ಕುದುರಿತ್ತು. ಕೆನ್ನೆಗೆ ಗುಲಾಬಿ, ಗದ್ದದ ಕೆಳಗೆ ಹಸಿರು ನೆರಳು, ನಮ್ಮ ವಿದ್ಯೆಯೆಲ್ಲ ಅಷ್ಟೇ. ಆದರೆ ಮಳೆಗಾಲ ಬಂತೆಂದರೆ ಆ ವಿದ್ಯೆಗೂ ಗ್ರಹಣ. ಶೆಡ್ಡು ಸೋರುತ್ತದೆ, ಎಣ್ಣೆಬಣ್ಣ ಒಣಗುವುದಿಲ್ಲ. ಆ ವರ್ಷ ಮೊದಲ ಮಳೆಗೇ ಮಾಲೀಕ "ದಸರೆಗೆ ಬಾ" ಎಂದು ಕಳಿಸಿಬಿಟ್ಟ. ಚಾಳಿನ ಕಟ್ಟೆಯ ಮೇಲೆ ಕೂತು ಮೋರಿ ನೀರು ನೋಡುತ್ತಿದ್ದೆ. ಪಕ್ಕದ ಖೋಲಿಯ ಚಂದ್ರವ್ವ ಬಂದು, "ತಮ್ಮಾ, ಗ್ವಾಡಿ ತುಂಬೂವಂಥಾ ಚಿತ್ರಾ ಬರೀತೀ ಏನು? ಒಬ್ಬರು ದೊಡ್ಡೋರು ಕೇಳ್ಯಾರ," ಎಂದಳು.

ನಮ್ಮ ಚಾಳಿಗೆ ಆಕೆ ಹಪ್ಪಳ, ಶ್ಯಾವಿಗೆಯ ಚಂದ್ರವ್ವ, ಅಷ್ಟೇ. ಒಂದು ಕಾಲಕ್ಕೆ ಕೃಷ್ಣೆಯ ದಂಡೆಯ ಪುಟ್ಟ ಸಂಸ್ಥಾನವೊಂದರಲ್ಲಿ ಆಸ್ಥಾನದ ಹಾಡುಗಾರ್ತಿಯಾಗಿದ್ದಳೆಂದು ನನಗೆ ಗೊತ್ತಾದದ್ದೇ ಅವತ್ತು. ಕೇಳಿದ ದೊಡ್ಡವರು ಅದೇ ಸಂಸ್ಥಾನದ ಸರದಾರರು, ಅಪ್ಪಾಸಾಹೇಬರು. ಹಾಡುವವರು, ಬಾರಿಸುವವರು, ಕುಣಿಯುವವರು, ಬರೆಯುವವರು ಎಲ್ಲರನ್ನೂ ನೋಡಿಕೊಳ್ಳುವ ಖಾತೆ ಅಲ್ಲಿ ಅವರ ಕೈಯಲ್ಲಿತ್ತಂತೆ. ಸಂಸ್ಥಾನ ಹೋಗಿ, ಮಹಾರಾಜರೂ ಹೋಗಿ, ಖಾತೆ ಮಾತ್ರ ಅಪ್ಪಾಸಾಹೇಬರ ತಲೆಯಲ್ಲಿ ಇನ್ನೂ ಚಾಲ್ತಿಯಲ್ಲಿತ್ತು.

ಘಾಟ್ಕೋಪರಿನ ಅವರ ಫ್ಲ್ಯಾಟಿಗೆ ಹೋದ ಕೂಡಲೇ ನನ್ನ ತಲೆ ಅರಮನೆಯ ಝೂಮರಿಗೆ, ಗಾಜಿನ ತೂಗುದೀಪಕ್ಕೆ, ಬಡಿಯಿತು. ಎತ್ತರದ ಸಭಾಗೃಹಕ್ಕೆಂದು ಮಾಡಿಸಿದ್ದನ್ನು ಹೌಸಿಂಗ್ ಸೊಸೈಟಿಯ ಗಿಡ್ಡ ಸೂರಿಗೆ ತೂಗುಹಾಕಿದ್ದರು. ಅದರ ಕೆಳಗೆ ಕುರ್ಚಿಯಲ್ಲಿ ಸಣಕಲು ಮುದುಕರೊಬ್ಬರು, ಬಿಳಿ ಅಂಗರಖಾ, ಕಿವಿಯಲ್ಲಿ ಅತ್ತರಿನ ಹತ್ತಿ. ಕಣ್ಣು ಮಾತ್ರ ಇಪ್ಪತ್ತರ ಹರೆಯದವರದು. ಗೋಡೆ ತೋರಿಸಿ ಹೇಳಿದರು, ಅಲ್ಲಿ ಸಂಸ್ಥಾನದ ಕೊನೆಯ ದಸರಾ ದರ್ಬಾರಿನ ಚಿತ್ರ ಬರಬೇಕು, ಈ ದಸರೆಗೆ ಮುಗಿಯಬೇಕು.

"ಫೋಟೋ ಅದಾವೇನ್ರಿ?" ಎಂದೆ.

"ಫೋಟೋದಾಗ ಇದ್ದಷ್ಟ ಇರತೈತಿ. ಅದರ್ಲೆ ಏನ್ ಉಪಯೋಗ? ನೆನಪು ನಂದು, ಕೈ ನಿಂದು. ನಿನಗೂ ಒಂದು ಜಾಗಾ ಇಟ್ಟೀನಿ ಪೇಂಟರ್. ಕಂಬದ ಬಾಜೂಕ, ಕೈಯಾಗ ಕುಂಚ. ಆಸ್ಥಾನ ಚಿತ್ರಕಾರ!"

ಆ ದರ್ಬಾರು ನಡೆದಾಗ ನಾನು ವಿಜಾಪುರದ ಹತ್ತಿರದ ಹಳ್ಳಿಯಲ್ಲಿ ತೊಟ್ಟಿಲಲ್ಲಿದ್ದೆ. ಆದರೂ ಕಂಬದ ಪಕ್ಕದ ಆ ಜಾಗ ಕಣ್ಣಿಗೆ ಕಟ್ಟಿತು. ಗಾಳ ನುಂಗಿದ್ದು ನನಗೆ ತಿಳಿಯಲೇ ಇಲ್ಲ.

ದರ್ಬಾರೆಂದರೆ ಜಾಗದ ಲೆಕ್ಕಾಚಾರ ಎಂದು ನಾನು ಕಲಿತದ್ದು ಆಮೇಲೆ. ಚಿತ್ರದ ನಡುವೆ ಸಿಂಹಾಸನ, ಅದರ ಬಲಕ್ಕೆ ಅಪ್ಪಾಸಾಹೇಬರು, ಎದುರಿಗೆ ದೊಡ್ಡ ಕೆಂಪು ಜಮಖಾನೆ. ಜಮಖಾನೆಯ ಮೇಲೆ ಕೂತವನು ಮಾನವಂತ, ಅದರಲ್ಲೂ ಸಿಂಹಾಸನಕ್ಕೆ ಹತ್ತಿರವಾದಷ್ಟೂ ಮಾನ ಹೆಚ್ಚು. ಅಪ್ಪಾಸಾಹೇಬರು ಈ ಜಾಗಗಳನ್ನು ಘಾಟ್ಕೋಪರಿನವರಿಗೆಲ್ಲ ಹಂಚತೊಡಗಿದರು. ಪುಕ್ಕಟೆ ಇಂಜೆಕ್ಷನ್ ಕೊಡುವ ಡಾಕ್ಟರ್ ಚಿತ್ರದಲ್ಲಿ ಜರತಾರಿ ರುಮಾಲು ಸುತ್ತಿ ಬಂದು ಕೂತ. ನೀರು ಬಿಡಿಸುವ ಸೊಸೈಟಿಯ ಸೆಕ್ರೆಟರಿ ಕೈಯಲ್ಲಿ ಖಡ್ಗ ಹಿಡಿದು ನಿಂತ.

"ಸಾಹೇಬರ, ಇವರು ಗುಜರಾತದವರು. ನಿಮ್ಮ ದರ್ಬಾರಕ್ಕ ಹೆಂಗ ಬಂದಾರು?" ಎಂದೆ.

"ಬರಬೇಕಾಗಿತ್ತು. ಬಂದಿರಲಿಲ್ಲ, ಅಷ್ಟ."

ಮಳೆಗಾಲದಲ್ಲಿ ಎಣ್ಣೆಬಣ್ಣ ಒಣಗದೆ ಇರುವುದು ನಮಗೆ ಶಾಪ, ಅವರಿಗೆ ವರ. ಯಾರ ಮೇಲಾದರೂ ಸಿಟ್ಟು ಬಂದರೆ ಟರ್ಪೆಂಟೈನ್ ಅದ್ದಿದ ಅರಿವೆಯಿಂದ ಒರೆಸಿ ಒಂದು ಗೇಣು ಹಿಂದೆ ಬರೆಯಬಹುದು, ಖುಷಿಯಾದರೆ ಎರಡು ಗೇಣು ಮುಂದೆ. "ಅಗಸಿ ಎಣ್ಣಿ ಇನ್ನಷ್ಟು ಸುರೂವು. ಲಗೂ ಒಣಗಬಾರದು," ಎಂದು ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಮುಖಗಳನ್ನಂತೂ ಬರೆಯಲೇ ಬಿಡಲಿಲ್ಲ. ಬರಿಯ ರುಮಾಲುಗಳು, ಶಾಲುಗಳು, ಮಡಚಿದ ಕಾಲುಗಳು. ಮಳೆ ನಿಲ್ಲುವವರೆಗೆ ದರ್ಬಾರಿನಲ್ಲಿ ಯಾರ ಜಾಗವೂ ಖಾಯಂ ಅಲ್ಲ.

ಈ ಆಟವೆಲ್ಲ ಪ್ರತಿ ಗುರುವಾರ ಸಂಜೆಯ ಮೆಹಫಿಲ್‌ಗಾಗಿ. ಚಿತ್ರದಲ್ಲಿ ಜಾಗ ಬೇಕಾದ ಕಲಾವಿದರು ಬಂದು ಬಿಟ್ಟಿಯಾಗಿ ಹಾಡಬೇಕು, ಬಾರಿಸಬೇಕು. ಹಾಡು ಮುಗಿದ ಮೇಲೆ ಅಪ್ಪಾಸಾಹೇಬರು ಗೋಡೆಯ ಕಡೆ ತಿರುಗಿ ನನಗೆ ಕಣ್ಸನ್ನೆ ಮಾಡುತ್ತಿದ್ದರು. ಯಾರನ್ನೂ ಎದುರಿಗೆ ಹೊಗಳುತ್ತಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಯಲ್ಲಿ ಊದುವುದೇ ಅವರ ಆಡಳಿತ. ಹಿಂದೆ ಆಸ್ಥಾನದಲ್ಲಿ ಬಾರಿಸಿ, ಈಗ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ ಗುಂಡೋಪಂತ ಮಾಸ್ತರರು ತಬಲಾಕ್ಕೆ ಬರುತ್ತಿದ್ದರು. ಅವರನ್ನು ಅಡಿಗೆಮನೆಗೆ ಕರೆದು, "ಮಾಸ್ತರ, ನಿಮ್ಮ ಕೈ ಭಾರ ಆಗೇದ ಅಂತ ಚಂದ್ರಾ ಅನ್ನಾಕತ್ತಿದ್ಲು," ಎನ್ನುವರು. ಚಂದ್ರವ್ವನನ್ನು ಬಾಲ್ಕನಿಗೆ ಕರೆದು, "ಆಕೀಗೆ ಈಗ ದಮ್ಮು ಸಾಲೂದಿಲ್ಲ ಅಂತ ಮಾಸ್ತರ ಅಂತಾರ," ಎನ್ನುವರು. ಇಬ್ಬರೂ ಸೇಡು ತೀರಿಸಿಕೊಳ್ಳುವವರಂತೆ ಎದುರುಬದುರು ಕೂತರೆಂದರೆ, ಹಾಡಿಗೆ ಅಂಥ ಕಳೆ ಬರುತ್ತಿತ್ತು, ಮೇಲಿನ ಮಾಳಿಗೆಯವರು ಚಹಾದ ಕಪ್ಪು ಹಿಡಿದು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದರು. ನಾನು ಎರಡು ದಿನ ಆಲಸ್ಯ ಮಾಡಿದರೆ ದಾದರಿನಲ್ಲಿ ಯಾವನೋ ಒಬ್ಬ ಪೇಂಟರ್ ಕೆಲಸ ಕೇಳುತ್ತಿದ್ದಾನೆಂದು ಸುದ್ದಿ ಬರುತ್ತಿತ್ತು. ಆ ಪೇಂಟರ್ ಈವರೆಗೂ ಹುಟ್ಟಿಲ್ಲವೆಂದು ನನ್ನ ಅನುಮಾನ.

ಅಂಧೇರಿಯಿಂದ ಘಾಟ್ಕೋಪರಿಗೆ ಈಗ ಮೆಟ್ರೋದಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಬಹುದು. ಆಗ ಬಸ್ಸು ಸಾಕಿನಾಕಾದಲ್ಲಿ ಎಮ್ಮೆಯಂತೆ ನೀರಲ್ಲಿ ನಿಂತುಬಿಡುತ್ತಿತ್ತು. ನಾನೂ ಚಂದ್ರವ್ವನೂ ಎಷ್ಟೋ ಗುರುವಾರ ಹಾಗೆ ನಿಂತ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಕೂತಿದ್ದೇವೆ. ಒಮ್ಮೆ ಆಕೆಗೆ ಕೆಮ್ಮು ಜೋರಾಗಿತ್ತು. ನನಗೆ ರೇಗಿತು. "ಅವ್ವಾ, ಈ ಮುದುಕನ ಚಿತ್ರದ ಸಲುವಾಗಿ ಯಾಕ ಇಷ್ಟ ತೊಯಿಸಿಕೊಳ್ತೀ?" ಎಂದೆ.

ಆಗ ಹೇಳಿದಳು. ಆಸ್ಥಾನದಲ್ಲಿ ಆಕೆ ಎಷ್ಟು ವರ್ಷ ಹಾಡಿದರೂ ಕೂತದ್ದು ಜಮಖಾನೆಯ ಹೊರಗೆ, ಬಾಗಿಲ ಬಳಿಯ ಬರಿ ನೆಲದ ಮೇಲೆ. ಗಂಡಸು ಕಲಾವಿದರೆಲ್ಲ ಜಮಖಾನೆಯ ಮೇಲೆ. ಹಾಡು ಮುಗಿದ ಮೇಲೆ ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿಯುತ್ತ ಹೊರಗೆ ಹೋಗಬೇಕು. "ಮಹಾರಾಜರ ಮಾರಿ ಹೆಂಗಿತ್ತು ಅಂತ ಕೇಳಿದ್ರ ನನಗ ಗೊತ್ತಿಲ್ಲೋ ತಮ್ಮಾ. ಅಷ್ಟು ದೂರ ಇತ್ತು. ಹಾಡಿನ ಕಸುವಿನ ಮ್ಯಾಲ ಒಮ್ಮೆರೆ ಆ ಜಮಖಾನಿ ಮ್ಯಾಲ ಕೂಡಬೇಕಂತ ಜೀವ ಒದ್ದಾಡತಿತ್ತು. ಖರೇ ದರ್ಬಾರಂತೂ ಹೋತು. ಚಿತ್ರದಾಗರೆ ಕೂತು ಸಾಯ್ತೀನಿ."

ಅಪ್ಪಾಸಾಹೇಬರಿಗೆ ಈ ಆಸೆ ನನಗಿಂತ ಮೊದಲೇ ಗೊತ್ತಿತ್ತು. ಅದಕ್ಕೇ ಚಿತ್ರದಲ್ಲೂ ಆಕೆಯನ್ನು ಮೊದಲು ಬಾಗಿಲ ಬಳಿಯೇ ಬರೆಸಿದ್ದರು. ಒಂದು ಗುರುವಾರ ಮಲ್ಹಾರ ಹಾಡಿದಾಗ ಗೇಣು ಮುಂದೆ. ಇನ್ನೊಂದು ಗುರುವಾರ ಜಮಖಾನೆಯ ಅಂಚು. ಆಗಸ್ಟ್ ಕಳೆಯುವಷ್ಟರಲ್ಲಿ ಚಂದ್ರವ್ವ ಜಮಖಾನೆಯ ನಟ್ಟನಡುವೆ, ಸಿಂಹಾಸನದ ಎದುರಿಗೇ ಬಂದು ಕೂತಿದ್ದಳು. ಅವತ್ತು ಮರಳಿ ಬರುವಾಗ ಬಸ್ಸಿನಲ್ಲಿ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಕಂಡಕ್ಟರ್ ಟಿಕೀಟು ಕೇಳುವುದನ್ನು ಬಿಟ್ಟು ನಿಂತಿದ್ದ.

ಸೆಪ್ಟೆಂಬರಿನಲ್ಲಿ ಮಳೆ ತೆಳುವಾಯಿತು. ಮುಖ ಬರೆಯಲು ಅಪ್ಪಣೆಯಾಯಿತು. "ಎಲ್ಲಾರೂ ಚಂದ್ರಾನ್ನ ನೋಡಾಕತ್ತಿರಬೇಕು. ಹಾಡು ಕೇಳೋ ದರ್ಬಾರು ಅದು," ಎಂದರು. ನಾನು ಮಹಾರಾಜರಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಎಲ್ಲರ ಕತ್ತನ್ನೂ ಜಮಖಾನೆಯ ನಡುವಿಗೆ ತಿರುಗಿಸಿ, ಕಣ್ಣಿಗೆ ಬ್ಯಾನರಿನ ಹೊಳಪು ಕೊಟ್ಟೆ. ಕಂಬದ ಪಕ್ಕ ನಾನೂ ಬಂದು ನಿಂತೆ. ಕೆನ್ನೆಗೆ ಸ್ವಲ್ಪ ಗುಲಾಬಿ ಜಾಸ್ತಿಯೇ ಆಯಿತು, ಯಾರೂ ಬೇಡವೆನ್ನಲಿಲ್ಲ. ಬಿಸಿಲು ಬಿದ್ದ ಹಾಗೆ ಒಂದೊಂದೇ ಮುಖ ಒಣಗಿ ಗಟ್ಟಿಯಾಯಿತು. ಸರಿದು ಸರಿದು ದಪ್ಪಗೆ ಬಣ್ಣ ಕೂತಿದ್ದ ಚಂದ್ರವ್ವನ ಜಾಗ ಮಾತ್ರ ಇನ್ನೂ ಹಸಿ.

ದಸರೆ ಹತ್ತಿರ ಬಂದಾಗ ಬೆಳಗಾವಿ ಕಡೆಯ ಅರಿವೆ ವ್ಯಾಪಾರಿ ಶೆಟ್ಟರು ಪ್ರವೇಶ ಮಾಡಿದರು. ಅವರ ತೀರಿಕೊಂಡ ತಂದೆ ಹಿಂದೆ ಅರಮನೆಗೆ ಬಟ್ಟೆ ಒಯ್ದು ಕೊಡುತ್ತಿದ್ದರಂತೆ. ದಸರೆಯ ದಿನ ಕಟ್ಟಡದವರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತೇನೆ, ನಮ್ಮಪ್ಪನನ್ನು ಮಹಾರಾಜರ ಎದುರಿಗೆ ಕೂರಿಸಿ ಎಂದರು. ಅಪ್ಪಾಸಾಹೇಬರಿಗೆ ಊಟದ ಪಂಕ್ತಿಯೇ ಕಣ್ಣ ಮುಂದೆ ಬಂದಿರಬೇಕು. ಶೆಟ್ಟರು ಆಚೆ ಹೋದ ಮೇಲೆ ನನ್ನ ಕಡೆ ನೋಡದೆ, "ಚಂದ್ರಾನ್ನ ಮೊದಲಿನ ಜಾಗಾಕ್ಕ ಒಯ್ಯಿ," ಎಂದರು.

"ಬಾಗಲಕ್ಕೇನ್ರಿ?"

"ಆಕಿ ಏನೂ ಅನ್ನೂದಿಲ್ಲ. ರೂಢಿ ಐತಿ ಆಕೀಗೆ."

ನಾನು ಒರೆಸುವ ಅರಿವೆ ಮುಟ್ಟಲಿಲ್ಲ. ಸುಮ್ಮನೆ ಬ್ರಶ್ಶು ತೊಳೆಯುತ್ತ ಹೊತ್ತು ಕಳೆದೆ. ಅಷ್ಟರಲ್ಲಿ ಚಂದ್ರವ್ವ ಹಪ್ಪಳದ ಪೊಟ್ಟಣ ಹಿಡಿದು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಾಳೆ ಅಂದುಕೊಂಡೆ. ಆಕೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು ನನಗೆ ಹೇಳಿದಳು: "ಹಿಂದ ಒಯ್ಯಬ್ಯಾಡ ತಮ್ಮಾ. ಪೂರಾ ಒರಸಿಬಿಡು. ಇರೂದೂ ಬ್ಯಾಡ." ಅಪ್ಪಾಸಾಹೇಬರಿಗೆ ಕೈಮುಗಿದಳು. ಬೆನ್ನು ತಿರುಗಿಸಿ ನೇರವಾಗಿ ನಡೆದು ಹೋದಳು. ನಾನು ಒರೆಸಿದೆ. ಒಂದು ಮಳೆಗಾಲದ ಹಾಡು ಅರಿವೆಯ ಚೂರಿಗೆ ಬಂದು ಕೂತಿತು.

ಶೆಟ್ಟರು ಕೊಟ್ಟ ಫೋಟೋ ನೋಡಿ ಅವರ ತಂದೆಯನ್ನು ಅದೇ ಜಾಗದಲ್ಲಿ ಬರೆದೆ. ಹೇಳಿದಷ್ಟು ಮಾಡಿದೆ, ಹೇಳದ್ದನ್ನು ಯೋಚಿಸಲಿಲ್ಲ. ಮುಂದಿನ ಗುರುವಾರ ಶೆಟ್ಟರು ಹೆಂಡತಿ ಮಕ್ಕಳೊಂದಿಗೆ ನೋಡಲು ಬಂದರು. ಚಿತ್ರದ ಮೇಲಿನ ಪರದೆ ಸರಿಸಿದೆವು. ಜಮಖಾನೆಯ ನಡುವೆ ಪಾಪ, ಪಗಡಿ ಸುತ್ತಿದ ಶೆಟ್ಟರ ತಂದೆ ಒಬ್ಬರೇ ಕೂತಿದ್ದಾರೆ. ಮಹಾರಾಜರು, ಸರದಾರರು, ಡಾಕ್ಟರು, ಖಡ್ಗ ಹಿಡಿದ ಸೆಕ್ರೆಟರಿ, ಕಂಬದ ಬಳಿಯ ನಾನು, ಎಲ್ಲರೂ ಕಣ್ಣು ಕಿಸಿದು ಅವರನ್ನೇ ನೋಡುತ್ತಿದ್ದೇವೆ. ಪಕ್ಕದಲ್ಲೇ ಗುಂಡೋಪಂತ ಮಾಸ್ತರರು ತಬಲಾಕ್ಕೆಂದು ಎರಡೂ ಕೈ ಮೇಲೆತ್ತಿದ್ದಾರೆ.

"ನಮ್ಮಪ್ಪ ಏನರೆ ಕಳವು ಮಾಡ್ಯಾನೇನ್ರಿ? ಎಲ್ಲಾರೂ ಹಿಂಗ್ಯಾಕ ದಿಟ್ಟಿಸಾಕತ್ತಾರ?" ಎಂದರು ಶೆಟ್ಟರು.

"ಅದು ಆದರ ಶೆಟ್ಟರ, ಆದರ," ಎಂದರು ಅಪ್ಪಾಸಾಹೇಬರು.

"ಮಾಸ್ತರು ಹೊಡಿಯಾಕ ಕೈ ಎತ್ಯಾರಲ್ರಿ, ಅದೂ ಆದರೇನು?"

ಅಲ್ಲೇ ನಿಂತಿದ್ದ ಮಾಸ್ತರರು ಆಚೆಯ ಗೋಡೆಗೆ ಮುಖ ಮಾಡಿ ನಗತೊಡಗಿದರು. ಅವರ ಹೊಟ್ಟೆ ದೊಡ್ಡದು, ನಗು ಹಿಂದಿನಿಂದಲೂ ಕಾಣುತ್ತಿತ್ತು. ಶೆಟ್ಟರ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡರು. ಶೆಟ್ಟರು ಒಳ್ಳೆಯವರು. "ಊಟ ನಂದ ಇರಲಿ. ನಮ್ಮಪ್ಪನ್ನ ಅಲ್ಲಿಂದ ಎಬ್ಬಿಸಿ ಆ ಹಿಂದಿನ ಮೂಲ್ಯಾಗ ಆರಾಮ ಕೂಡ್ರಸ್ರಿ. ಬದುಕಿದ್ದಾಗೂ ಆತ ಮಂದಿ ಕಣ್ಣಿಗೆ ಬಿದ್ದಾಂವಲ್ಲ," ಎಂದು ಹೊರಟುಹೋದರು.

ಅವರಪ್ಪನನ್ನು ಮೂಲೆಗೆ ಒಯ್ದ ಮೇಲೆ ಚಿತ್ರದ ನಡುವೆ ಬರಿಯ ಕೆಂಪು. ಇಡೀ ದರ್ಬಾರು ಬಾಯಿ ಬಿಟ್ಟುಕೊಂಡು ಖಾಲಿ ಜಮಖಾನೆಯನ್ನು ನೋಡುತ್ತಿದೆ. ಎಲ್ಲರ ಕತ್ತು ತಿರುಗಿಸೋಣವೆಂದರೆ ಮುಖಗಳೆಲ್ಲ ಕಲ್ಲಿನಂತೆ ಒಣಗಿವೆ, ದಸರೆ ಬಾಗಿಲಿಗೆ ಬಂದಿದೆ. ಅಪ್ಪಾಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ಕೋಲು ತೆಗೆದುಕೊಂಡು, "ನಡಿ, ಚಂದ್ರಾನ ಮನಿಗೆ," ಎಂದರು.

ಅವರು ಬಸ್ಸು ಹತ್ತಿದ್ದು ಅದೇ ಮೊದಲ ಸಲವಂತೆ. ಕಂಡಕ್ಟರ್ "ಆಗೇ ಬಢೋ" ಎಂದು ಮುಂದೆ ಸರಿಯಲು ಕೂಗಿದರೆ ತಮಗಲ್ಲವೆಂಬಂತೆ ಬಾಗಿಲಲ್ಲೇ ನಿಂತರು. ಚಾಳಿನ ಮೆಟ್ಟಿಲು, ನಲ್ಲಿಯ ಸಾಲು ದಾಟಿ, ಒಣಹಾಕಿದ ಸೀರೆಗಳ ಕೆಳಗೆ ಬಗ್ಗಿ ಬಗ್ಗಿ ನಡೆದು ಬಂದರು. ಚಂದ್ರವ್ವ ಹಪ್ಪಳದ ಹಿಟ್ಟು ನಾದುತ್ತಿದ್ದಳು. ಚಾಪೆ ಹಾಸಿ, ನೀರು ಕೊಟ್ಟು, ಮತ್ತೆ ನಾದತೊಡಗಿದಳು.

ಹಳೆಯ ಚಟ ಹೋಗಬೇಕಲ್ಲ. "ದಾದರದಾಗ ಒಬ್ಬಾಕಿ ಹಾಡಾಕಿ ಅದಾಳ. ಆ ಜಾಗಾ ನನಗ ಕೊಡ್ರಿ ಅಂತ ಗಂಟು ಬಿದ್ದಾಳ," ಎಂದು ಶುರು ಮಾಡಿದರು.

"ಆಕಿನ್ನ ಕೂಡ್ರಸ್ರಿ. ಛಲೋ ಆತು," ಎಂದಳು ಚಂದ್ರವ್ವ.

ಅಪ್ಪಾಸಾಹೇಬರು ನೀರಿನ ಲೋಟ ಎತ್ತಿಕೊಂಡರು. ಚಂದ್ರವ್ವ ಕೈ ತೊಳೆದು ಎದುರಿಗೆ ಬಂದು ಕೂತಳು. "ಒಂದ ಮಾತು ಕೇಳ್ತೀನ್ರಿ, ಈ ಸಲ ಖರೇ ಹೇಳ್ರಿ. ಅಷ್ಟು ವರ್ಷ ನನ್ನ ಬಾಗಲದಾಗ ಯಾಕ ಕೂಡ್ರಿಸಿದ್ರಿ? ಜಾತಿ ಅಂತನೋ, ಹೆಣ್ಣಮಗಳಂತನೋ, ಇಲ್ಲಾ ನನ್ನ ಹಾಡು ಅಷ್ಟಕ್ಕಷ್ಟ ಅಂತನೋ?"

"ರಿವಾಜು ಇತ್ತು," ಎಂದರು ಅವರು. ಕೋಲಿನ ಹಿಡಿ ಸವರುತ್ತ ಮುಂದುವರಿಸಿದರು: "ರಿವಾಜು ಮುರೀಬಹುದಿತ್ತು. ಮಹಾರಾಜರು ನನಗ ಎರಡು ಸಲ ಕೇಳಿದ್ರು, ಆಕಿನ್ನ ಮುಂದ ಕೂಡ್ರಸ್ರಿ ಅಂತ. ನಾನ ಬ್ಯಾಡಂದೆ. ನೀ ಮುಂದ ಕೂತು ಹಾಡಿದ್ರ ಆಮ್ಯಾಲ ಮತ್ಯಾರು ಹಾಡತಿದ್ರು ಚಂದ್ರಾ? ಉಳಿದ ಹಾಡೋರು ಒಬ್ಬೊಬ್ಬರ ಗಂಟು ಕಟ್ಟಿಕೊಂಡು ಹೋಗತಿದ್ರು. ದೂರ ಕೂತ್ರೂ ನಿನ್ನ ದನಿ ಮುಟ್ಟತಿತ್ತು. ಅವರನ್ನ ಹತ್ರ ಕೂಡ್ರಿಸಿದ್ರೂ ಸಾಲತಿರಲಿಲ್ಲ. ಅದಕ್ಕ ಹಂಗ ಹಂಚಿದೆ. ದರ್ಬಾರು ನಡೀತು."

"ದರ್ಬಾರು ನಡೀತ್ರಿ. ನಾ ಬಾಗಲದಾಗ ಉಳದೆ."

"ಹೌದು. ಉಳದಿ," ಎಂದರು ಅಪ್ಪಾಸಾಹೇಬರು. ತಲೆ ಎತ್ತಲಿಲ್ಲ.

ಆ ಮಾತು ನಿಜವೋ, ಅಥವಾ ಅದೂ ಅವರ ಕೊನೆಯ ಗಾಳವೋ ನನಗೆ ಇಂದಿಗೂ ಗೊತ್ತಿಲ್ಲ. ಚಂದ್ರವ್ವನೂ ಆಮೇಲೆ ನನ್ನೊಡನೆ, "ಖರೇ ಇರಲಿ ಸುಳ್ಳ ಇರಲಿ, ಕೇಳಾಕ ಭಾಳ ಚಂದ ಇತ್ತೋ ತಮ್ಮಾ," ಎಂದು ನಕ್ಕಳು. ಅವರ ಎದುರಿಗೆ ಮಾತ್ರ ನಗಲಿಲ್ಲ. ಇನ್ನು ಗುರುವಾರಗಳಿಗೆ ಬರುವುದಿಲ್ಲ, ದಸರೆಗೆ ಬರುತ್ತೇನೆ, ಚಿತ್ರದಲ್ಲಿ ತನ್ನನ್ನು ಎಲ್ಲಿ ಕೂರಿಸಬೇಕೆಂಬುದು ಪೇಂಟರನ ಕೈಯಲ್ಲಿರಲಿ, ನಿಮ್ಮ ಕೈಯಲ್ಲಿ ಬೇಡ ಎಂದಳು. ಅಪ್ಪಾಸಾಹೇಬರು ಒಪ್ಪಿದರು. ಬೇರೆ ದಾರಿಯೂ ಇರಲಿಲ್ಲ.

ಮರುದಿನ ಆಕೆಯನ್ನು ಖೋಲಿಯ ಕಿಟಕಿಯ ಬಳಿ ಕೂರಿಸಿಕೊಂಡು ಮುಖದ ಗುರುತು ಬರೆದುಕೊಂಡೆ. "ಆಗಿನ ವಯಸ್ಸಿಂದು ಬರೀಲೇನವ್ವಾ?" ಎಂದು ಕೇಳಿದೆ.

"ಈಗಿಂದ ಬರಿ. ಆಗ ನಾ ಅಲ್ಲೆ ಕೂತಿರಲಿಲ್ಲಲ್ಲ," ಎಂದಳು.

ಆ ಮುಖಕ್ಕೆ ನಾನು ಗುಲಾಬಿ ಹಚ್ಚಲಿಲ್ಲ, ಹಸಿರು ನೆರಳು ಕೊಡಲಿಲ್ಲ. ನರೆತ ಕೂದಲು, ಕಣ್ಣ ಕೆಳಗಿನ ಗೆರೆ, ಹಾಡುವಾಗ ಒಂದು ಬದಿಗೆ ಸ್ವಲ್ಪ ವಾಲುವ ತುಟಿ, ಇದ್ದದ್ದು ಇದ್ದ ಹಾಗೆ ಬರೆದೆ. ಜಮಖಾನೆಯ ನಟ್ಟನಡುವೆ ಬರೆದೆ. ಮಹಾರಾಜರು ಆಕೆಯನ್ನೇ ನೋಡುತ್ತಿದ್ದರು, ಮಾಸ್ತರರ ಕೈ ತಬಲಾದ ಮೇಲೆ ಇಳಿಯಲು ಕಾದಿತ್ತು. ಅಕ್ಟೋಬರಿನ ಬಿಸಿಲು ಉಳಿದ ಕೆಲಸ ಮಾಡಿತು.

ದಸರೆಯ ದಿನ ಶೆಟ್ಟರ ಹೋಳಿಗೆಯ ವಾಸನೆ ಕೆಳಗಿನ ಗೇಟಿಗೇ ಬರುತ್ತಿತ್ತು. ಚಿತ್ರದ ಎದುರು ಅಪ್ಪಾಸಾಹೇಬರು ನಿಜದ ಜಮಖಾನೆಯನ್ನೇ ಹಾಸಿಸಿದ್ದರು. ಸಂಸ್ಥಾನದಿಂದ ಬಂದ ಹಳೆಯದು, ಅಲ್ಲಲ್ಲಿ ನುಸಿ ತಿಂದದ್ದು. ಇಡೀ ಬಿಲ್ಡಿಂಗಿಗೆ ಕೇಳುವಂತೆ, ಚಂದ್ರಾಬಾಯಿಯನ್ನು ನಡುವೆ ಕೂರಿಸಬೇಕೆಂಬುದು ಮೊದಲಿನಿಂದಲೂ ತಮ್ಮದೇ ಯೋಜನೆಯಾಗಿತ್ತೆಂದು ಸಾರುತ್ತಿದ್ದರು. ನಾನೂ ಮಾಸ್ತರರೂ ಮುಖ ಮುಖ ನೋಡಿಕೊಂಡೆವು.

ಚಂದ್ರವ್ವ ಬಂದಳು. ಇಳಕಲ್ ಸೀರೆ, ಹಣೆಯಲ್ಲಿ ದೊಡ್ಡ ಕುಂಕುಮ. ಚಪ್ಪಲಿ ಬಿಟ್ಟು ಜಮಖಾನೆಯ ಅಂಚಿನಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಕಾಲಿಟ್ಟು, ನಡುವಿಗೆ ನಡೆದು, ಕೂತಳು. ಅಪ್ಪಾಸಾಹೇಬರು ಕುರ್ಚಿಯಿಂದ ತಾವೇ ಎದ್ದು ತಮ್ಮ ಮಖಮಲ್ಲಿನ ಲೋಡುದಿಂಬನ್ನು ಎತ್ತಿ ತಂದು ಆಕೆಯ ಬೆನ್ನ ಹಿಂದೆ ಇಟ್ಟರು. ಆಸ್ಥಾನದಲ್ಲಿ ಲೋಡು ಸರದಾರರಿಗೆ ಮಾತ್ರ, ಯಾವ ಕಲಾವಿದನಿಗೂ ಇರಲಿಲ್ಲವೆಂದು ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು.

ಚಂದ್ರವ್ವ ತಿರುಗಿ ನೋಡಿ, ಅದನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು. "ಹಾಡೋರು ಒರಗೂದಿಲ್ರಿ ಸಾಹೇಬರ. ಕೇಳೋರು ಒರಗತಾರ. ನೀವ ಇಟ್ಟಕೋರಿ," ಎಂದು ತಂಬೂರಿ ಎತ್ತಿಕೊಂಡಳು.

ಅಪ್ಪಾಸಾಹೇಬರು ಲೋಡು ಹಿಡಿದುಕೊಂಡು ಕುರ್ಚಿಯ ಕಡೆ ನೋಡಿದರು. ಕುರ್ಚಿಗೆ ಹೋಗಲಿಲ್ಲ, ನಮ್ಮ ಜೊತೆ ಕೆಳಗೇ ಕೂತರು. ಆಕೆ ಹಾಡಿ ಮುಗಿಸುವವರೆಗೆ ಆ ಮುದುಕರು ಲೋಡನ್ನು ತೊಡೆಯ ಮೇಲಿಟ್ಟುಕೊಂಡು, ಒರಗದೆ, ನೆಟ್ಟಗೆ ಕೂತಿದ್ದರು.